ಸುಮೋ ನುಗ್ಗಿದ ಶೇಂಗಾ ಹೊಲ: ಸೀಮೆಯ ಫ್ಯಾಕ್ಷನ್ ಚಿತ್ರಗಳು ಬೆಳೆದ ಬಗೆ

ನಮ್ಮದು ಆಂಧ್ರದ ರಾಯದುರ್ಗ ಅಂದ ಕೂಡಲೇ ಬೆಂಗಳೂರಿನಲ್ಲಿ ಒಂದು ಪ್ರಶ್ನೆ ಬರುತ್ತದೆ. ‘ನಿಮ್ಮ ಕಡೆ ಬಾಂಬ್ ಹಾಕ್ತಾರಂತೆ, ಹೌದಾ?’ ಪಕ್ಕದ ಬಳ್ಳಾರಿಯ ಮದುವೆ ಮನೆಯಲ್ಲೂ ಇದನ್ನೇ ಕೇಳಿದ್ದಾರೆ. ಕೇಳಿದವರಲ್ಲಿ ಹೆಚ್ಚಿನವರು ನಮ್ಮೂರು ನೋಡಿಲ್ಲ, ಸಿನಿಮಾ ನೋಡಿದ್ದಾರೆ. ರಾಯಲಸೀಮೆಯ, ಅಂದರೆ ಅನಂತಪುರ, ಕಡಪ, ಕರ್ನೂಲು ಕಡೆಯ ನಮ್ಮ ಸೀಮೆಯ ಕಥೆ ಅಂತ ಹೊಸ ತೆಲುಗು ಚಿತ್ರ ಬಂದಾಗಲೆಲ್ಲ ಹಳೆ ಜಗಳ ಮತ್ತೆ ಏಳುತ್ತದೆ. ಇದು ನಮ್ಮ ಪೌರುಷ ಅಂತ ಕೆಲವರು, ನಮಗೆ ಅವಮಾನ ಅಂತ ಕೆಲವರು, ಇರೋದನ್ನೇ ತೋರಿಸಿದ್ದಾರೆ ಅಂತ ಇನ್ನು ಕೆಲವರು. ಮೂರೂ ಮಾತು ಕೇಳುತ್ತಾ ಬೆಳೆದವರಿಗೂ ಯಾವುದು ಮೊದಲು, ಯಾವುದು ಆಮೇಲೆ ಅನ್ನೋದು ಗೋಜಲಾಗಿಬಿಟ್ಟಿದೆ.

ಇತಿಹಾಸವನ್ನು ಬೇಗ ಹೇಳಿ ಮುಗಿಸುತ್ತೇನೆ. 1800ರಲ್ಲಿ ನಿಜಾಮ ಬಳ್ಳಾರಿ, ಅನಂತಪುರ, ಕಡಪದ ಸೀಮೆಯನ್ನು ಬ್ರಿಟಿಷರಿಗೆ ಬಿಟ್ಟುಕೊಟ್ಟ. ಥಾಮಸ್ ಮನ್ರೋ ಬಂದು ಪಾಳೇಗಾರರ ಕೈಯ ಆಯುಧ ಇಳಿಸಿದ. ‘ರಾಯಲಸೀಮ’ ಅನ್ನುವ ಹೆಸರು ಬಂದದ್ದು 1928ರಲ್ಲಿ, ನಂದ್ಯಾಲದ ಸಭೆಯಲ್ಲಿ. 1953ರಲ್ಲಿ ಆಂಧ್ರ ರಾಜ್ಯವಾದಾಗ ಬಳ್ಳಾರಿ ಜಿಲ್ಲೆ ಒಡೆಯಿತು. ಆದೋನಿ, ಆಲೂರು, ರಾಯದುರ್ಗ ಆಂಧ್ರಕ್ಕೆ ಹೋದವು, ಉಳಿದದ್ದು ಮೈಸೂರಿಗೆ ಬಂತು. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ತೆಲುಗು ಅನ್ನುವ ನಮ್ಮ ಬದುಕು ಶುರುವಾದದ್ದು ಹಾಗೆ.

ಫ್ಯಾಕ್ಷನ್ ಅನ್ನೋದನ್ನು ಸಿನಿಮಾದವರು ಹುಟ್ಟಿಸಲಿಲ್ಲ. ಹಳ್ಳಿಯ ಎರಡು ದೊಡ್ಡ ಮನೆಗಳ ಹಗೆ, ಪಂಚಾಯ್ತಿ ಎಲೆಕ್ಷನ್, ರಸ್ತೆ ಮತ್ತು ಸಾರಾಯಿ ಗುತ್ತಿಗೆ, ಇವೆಲ್ಲ ಸೇರಿ ನಿಜವಾಗಿಯೂ ಜನ ಸತ್ತಿದ್ದಾರೆ. ಸತ್ತವರಲ್ಲಿ ದೊಡ್ಡವರಿಗಿಂತ ಅವರ ಹಿಂದೆ ಹೋದ ಬಡವರ ಮಕ್ಕಳೇ ಜಾಸ್ತಿ. ಇದರ ಜೊತೆಗೇ ಹೇಳಬೇಕಾದ ಇನ್ನೊಂದು ಸಂಗತಿ ಮಳೆ. ಅನಂತಪುರದ ಕಡೆ ವರ್ಷಕ್ಕೆ ಬೀಳೋದು ಸುಮಾರು 550 ಮಿಲಿಮೀಟರ್. ದೇಶದಲ್ಲೇ ಅತಿ ಕಡಿಮೆ ಮಳೆಯ ಜಿಲ್ಲೆಗಳಲ್ಲಿ ಇದೂ ಒಂದು. ಈ ಎರಡು ಸತ್ಯಗಳಲ್ಲಿ ಪರದೆಗೆ ಹೋದದ್ದು ಒಂದೇ.

ತೆಲುಗಿನಲ್ಲಿ ಅಪರಾಧ ತೋರಿಸುವ ರೀತಿ ಬದಲಾದದ್ದು 1989ರಲ್ಲಿ, ರಾಮ್‌ಗೋಪಾಲ್ ವರ್ಮಾ ಅವರ ‘ಶಿವ’ದಿಂದ. ಅದು ಸೀಮೆಯ ಕಥೆಯಲ್ಲ, ಕಾಲೇಜು ಹುಡುಗರ ಗ್ಯಾಂಗುಗಳ ಕಥೆ. ನಾಯಕ ಸೈಕಲ್ಲಿನ ಚೈನ್ ಕಿತ್ತು ಕೈಗೆ ಸುತ್ತಿಕೊಳ್ಳುವ ಆ ಒಂದು ದೃಶ್ಯ ಸಾಕು. ಓಡಿದರೂ ಚಿತ್ರ ಅಲುಗದಂತೆ ಮೈಗೆ ಕಟ್ಟಿಕೊಳ್ಳುವ ಸ್ಟೆಡಿಕ್ಯಾಮ್ ಹಿಡಿದು ಕ್ಯಾಮೆರಾ ಓಡುವವನ ಹಿಂದೆಯೇ ಓಡಿತು. ಹೊಡೆತ ಬೀಳುವ ಮೊದಲಿನ ಭಯ ನೋಡುವವರಿಗೂ ತಾಗಿತು. ಅಲ್ಲಿ ಕ್ಯಾಮೆರಾ ಮನುಷ್ಯನ ಎತ್ತರದಲ್ಲಿತ್ತು. ಈ ಮಾತನ್ನು ನೆನಪಿಡಿ.

ನಾನು ಹತ್ತಿರದಿಂದ ಕಂಡದ್ದು ಅದರ ಮುಂದಿನ ಕಾಲ. 1997ರ ‘ಪ್ರೇಮಿಂಚುಕುಂದಾಂ ರಾ’ದಲ್ಲಿ ಪ್ರೇಮಕಥೆಯ ಅಡ್ಡ ಫ್ಯಾಕ್ಷನ್ ಬಂದು ನಿಂತಿತು. 1999ರ ಸಂಕ್ರಾಂತಿಗೆ ಬಿ. ಗೋಪಾಲ್ ಅವರ ‘ಸಮರಸಿಂಹಾರೆಡ್ಡಿ’ ಬಂತು. ಅಲ್ಲಿಂದ ಪ್ರತಿ ಹಬ್ಬಕ್ಕೂ ಒಂದು ಅನ್ನುವಂತಾಯಿತು. 2001ರಲ್ಲಿ ‘ನರಸಿಂಹನಾಯುಡು’, 2002ರಲ್ಲಿ ‘ಇಂದ್ರ’ ಮತ್ತು ‘ಆದಿ’, 2003ರಲ್ಲಿ ‘ಒಕ್ಕಡು’. ಕರ್ನೂಲಿನ ಹಳೆ ಕೋಟೆಯ ಕೊಂಡಾರೆಡ್ಡಿ ಬುರುಜು ಗೊತ್ತಿರದವರಿಗೂ ಗೊತ್ತಾದದ್ದು ಆಗಲೇ.

ಈ ಚಿತ್ರಗಳ ಕಟ್ಟೋಣ ಗಮನಿಸಿ. ನಾಯಕ ಮೊದಲು ಎಲ್ಲೋ ದೂರದ ಊರಲ್ಲಿ ಸಾಧಾರಣ ಮನುಷ್ಯನಾಗಿ ಇರುತ್ತಾನೆ. ಒಂದರಲ್ಲಿ ಡ್ಯಾನ್ಸ್ ಮಾಸ್ಟರ್, ಇನ್ನೊಂದರಲ್ಲಿ ಕಾಶಿಯ ಟ್ಯಾಕ್ಸಿ ಡ್ರೈವರ್. ಅರ್ಧ ಸಿನಿಮಾ ಮುಗಿಯುವ ಹೊತ್ತಿಗೆ ಫ್ಲ್ಯಾಶ್‌ಬ್ಯಾಕ್, ಆಗ ಅವನು ಸೀಮೆಯ ದೊರೆ ಅಂತ ಗೊತ್ತಾಗುತ್ತದೆ. ಈ ಅಚ್ಚು ಸೀಮೆಯದ್ದಲ್ಲ. 1995ರ ತಮಿಳಿನ ‘ಬಾಷಾ’ದಲ್ಲಿ ಆಟೋ ಡ್ರೈವರ್ ಒಬ್ಬ ಮೊದಲು ಮುಂಬಯಿಯ ಡಾನ್ ಆಗಿದ್ದ, ನೆನಪಿದೆಯಲ್ಲಾ? ಹೆಚ್ಚುಕಮ್ಮಿ ಅದೇ ಅಚ್ಚಿಗೆ ಬಿಳಿ ಅಂಗಿ, ಬಿಳಿ ಪಂಚೆ ಉಡಿಸಿ ನಮ್ಮ ಕೆಂಪು ನೆಲದ ಮೇಲೆ ನಿಲ್ಲಿಸಿದರು. ಈ ಅಚ್ಚಿನ ಶಕ್ತಿ ದೊಡ್ಡದು. ಅವನು ಕೊಂದದ್ದು ನಮಗೆ ಗೊತ್ತಾಗುವ ಹೊತ್ತಿಗೆ ನಾವು ಆಗಲೇ ಅವನನ್ನು ಮೆಚ್ಚಿಕೊಂಡಿರುತ್ತೇವೆ.

ಕ್ಯಾಮೆರಾ ಈಗ ಮನುಷ್ಯನ ಎತ್ತರದಲ್ಲಿ ಇರಲಿಲ್ಲ. ನೆಲಕ್ಕೆ ಹತ್ತಿಕೊಂಡು ಮೇಲೆ ನೋಡುತ್ತಿತ್ತು. ಮೊದಲು ಚಪ್ಪಲಿ, ಆಮೇಲೆ ಪಂಚೆಯ ಅಂಚು, ಮೀಸೆ, ಕಣ್ಣು. ಹಿಂದೆ ಕಂಬದ ಮನೆ. ಎರಡೂ ಕಡೆ ಕೈ ಮುಗಿದ ಜನ. ಆ ಜನಕ್ಕೆ ಹೆಸರಿಲ್ಲ, ಮಾತಿಲ್ಲ. ಟಾಟಾ ಸುಮೋ ಮಾರುಕಟ್ಟೆಗೆ ಬಂದದ್ದೇ 1994ರಲ್ಲಿ. ಕೆಲವೇ ವರ್ಷಗಳಲ್ಲಿ ಸಾಲು ಸಾಲು ಸುಮೋಗಳು, ಅವು ಗಾಳಿಗೆ ಎದ್ದು ಬೀಳೋದು, ಇದೇ ನಮ್ಮ ಸೀಮೆಯ ಗುರುತಾಯಿತು. ನೂರಾರು ವರ್ಷದ ಸಂಪ್ರದಾಯ ಅಂತ ನೋಡುವವರು ನಂಬಿದ್ದು ಐದಾರು ವರ್ಷದಲ್ಲಿ ತಯಾರಾದ ಚಿತ್ರವನ್ನು.

ಭಾಷೆಗೂ ಇದೇ ಗತಿಯಾಯಿತು. ಸೀಮೆಯ ತೆಲುಗು ಮಾತಾಡುವವನು ಅಂದರೆ ವಿಲನ್. ಕರ್ನೂಲು ಕಡೆಯ ರಂಗಭೂಮಿಯಿಂದ ಬಂದ ಜಯಪ್ರಕಾಶ್ ರೆಡ್ಡಿ ಆ ಮಾತನ್ನು ಎಷ್ಟು ಚೆನ್ನಾಗಿ ಆಡಿದರೆಂದರೆ, ನಮ್ಮ ಹುಡುಗರು ಹೈದರಾಬಾದಿನ ಹಾಸ್ಟೆಲಿನಲ್ಲಿ ಬಾಯಿ ತೆರೆದರೆ ಸಾಕು, ಸುತ್ತಲಿನವರು ಅವರ ಡೈಲಾಗ್ ಹೇಳುತ್ತಿದ್ದರು. ನಾಯಕ ಮಾತ್ರ ಕರಾವಳಿಯ ತೆಲುಗಿನಲ್ಲೇ ಗುಡುಗುತ್ತಿದ್ದ. ನಮ್ಮ ಕನ್ನಡವಂತೂ ಎಲ್ಲೂ ಇರಲಿಲ್ಲ. ಮಡಕಶಿರಾದಲ್ಲಿ, ರಾಯದುರ್ಗದಲ್ಲಿ, ಆದೋನಿಯಲ್ಲಿ ಸಂತೆಗೆ ಹೋದರೆ ಎರಡೂ ಭಾಷೆ ಒಂದೇ ಉಸಿರಲ್ಲಿ ಕೇಳುತ್ತದೆ. ಆ ಸಂತೆ ಈ ಸಿನಿಮಾಗಳಲ್ಲಿ ನನಗೆ ಕಾಣಲಿಲ್ಲ.

ಅದೇ ಕಾಲಕ್ಕೆ ನಾವು ಬಳ್ಳಾರಿಗೆ ಹೋಗಿ ಕನ್ನಡ ಚಿತ್ರಗಳನ್ನೂ ನೋಡುತ್ತಿದ್ದೆವು. ಅಲ್ಲಿ ಅಪರಾಧದ ಜಾಗ ಬೆಂಗಳೂರು. 1995ರ ‘ಓಂ’ನಲ್ಲಿ ಉಪೇಂದ್ರ ನಿಜವಾದ ಭೂಗತ ಲೋಕದವರನ್ನೇ ಕರೆತಂದು ನಿಲ್ಲಿಸಿದರು. 2007ರಲ್ಲಿ ಸೂರಿಯವರ ‘ದುನಿಯಾ’ ಬಂದಾಗ ನನಗೆ ಏನೋ ಬಿಡುಗಡೆಯಾದ ಹಾಗಾಯಿತು. ಅದರ ನಾಯಕ ಕಲ್ಲು ಕ್ವಾರಿಯ ಕೂಲಿ. ಅವನ ಕೈಯ ಧೂಳು ಕಾಣುತ್ತಿತ್ತು. ಕ್ರೌರ್ಯ ಅಲ್ಲಿಯೂ ಇದೆ, ಆದರೆ ಅದು ಯಾರ ಮೈಮೇಲೆ ಬೀಳುತ್ತದೆ ಅಂತ ಗೊತ್ತಾಗುತ್ತದೆ. ಲಾಂಗು ಹಿಡಿದವನನ್ನು ಹೊತ್ತು ಮೆರೆಸಿದ ಚಿತ್ರಗಳು ಕನ್ನಡದಲ್ಲೂ ಬೇಕಾದಷ್ಟಿವೆ. ಆದರೂ ಕ್ಯಾಮೆರಾ ಎಲ್ಲಿ ನಿಲ್ಲಬಹುದು ಅನ್ನೋದನ್ನು ನಾನು ಕಲಿತದ್ದು ಆ ಸಿನಿಮಾದಿಂದ.

2010ರಲ್ಲಿ ಎರಡು ತೆಲುಗು ಚಿತ್ರಗಳು ಬಂದವು. ರಾಜಮೌಳಿಯವರ ‘ಮರ್ಯಾದ ರಾಮನ್ನ’ ಫ್ಯಾಕ್ಷನ್ನನ್ನು ನಗೆಯಾಗಿ ತಿರುಗಿಸಿತು. ಮನೆಯೊಳಗಿರುವ ತನಕ ಅತಿಥಿಯನ್ನು ಕೊಲ್ಲುವ ಹಾಗಿಲ್ಲ, ಹೊಸಿಲು ದಾಟಿದರೆ ಬಿಡುವ ಹಾಗಿಲ್ಲ. ಇದರ ಎಳೆ ಬಂದದ್ದು 1923ರ ಬಸ್ಟರ್ ಕೀಟನ್ ಮೂಕಿ ಚಿತ್ರದಿಂದ. ಮರುವರ್ಷ ಅದು ಕನ್ನಡಕ್ಕೂ ಬಂತು. ಇನ್ನೊಂದು ವರ್ಮಾ ಅವರ ‘ರಕ್ತಚರಿತ್ರ’. ನಮ್ಮ ಅನಂತಪುರದ ರಾಜಕೀಯ ನಾಯಕ ಪರಿಟಾಲ ರವೀಂದ್ರರ ಬದುಕನ್ನು ಆಧರಿಸಿದ್ದು. ಇಪ್ಪತ್ತು ವರ್ಷದ ಹಿಂದೆ ‘ಶಿವ’ದಲ್ಲಿ ಹೊಡೆತದ ಮುಂಚಿನ ಮೌನ ಗೊತ್ತಿದ್ದ ಕ್ಯಾಮೆರಾ ಈಗ ರಕ್ತವನ್ನು ನಿಧಾನಗತಿಯಲ್ಲಿ, ಹತ್ತಿರದಿಂದ ತೋರಿಸುತ್ತಾ ಕೂತಿತು. ನಿಜ ಘಟನೆ ಅನ್ನುವ ಮುದ್ರೆ ಬಿದ್ದದ್ದರಿಂದ ನಮ್ಮ ಕಡೆಯ ಬಗ್ಗೆ ಇದ್ದ ನಂಬಿಕೆ ಇನ್ನೂ ಗಟ್ಟಿಯಾಯಿತು.

ಸೀಮೆಯ ಲೇಖಕರು, ವಿದ್ಯಾರ್ಥಿಗಳು ಈ ಚಿತ್ರಗಳ ಬಗ್ಗೆ ಆಕ್ಷೇಪ ಎತ್ತುತ್ತಲೇ ಬಂದಿದ್ದಾರೆ. ಅದರ ಸಣ್ಣ ಫಲ ಅನ್ನಬಹುದಾದದ್ದು 2018ರ ‘ಅರವಿಂದ ಸಮೇತ’. ನಿರ್ದೇಶಕ ತ್ರಿವಿಕ್ರಮ್ ಅದರಲ್ಲಿ ಮೊದಲೇ ದೊಡ್ಡ ಹೊಡೆದಾಟ ಮುಗಿಸಿ, ಆಮೇಲೆ ಉಳಿದ ಹೆಂಗಸರ ಕಡೆ ತಿರುಗಿದರು. ಸೀಮೆಯ ಜನಪದ ಗಾಯಕ ಪೆಂಚಲ್ ದಾಸ್ ಅವರ ಹಾಡು ಬಂತು. ಕೊನೆಗೆ ಎಲೆಕ್ಷನ್‌ಗೆ ನಿಲ್ಲುವವಳು ಹಗೆಯಲ್ಲಿ ಗಂಡನನ್ನು ಕಳೆದುಕೊಂಡ ಹೆಂಗಸು. ಅದನ್ನು ನೋಡಿ ನಮ್ಮ ಮನೆಯ ಹೆಂಗಸರು ಅತ್ತದ್ದು ನನಗೆ ಗೊತ್ತು. ಹಾಗಂತ ಹಳೆ ಅಚ್ಚು ಮುರಿದಿಲ್ಲ. 2023ರ ಸಂಕ್ರಾಂತಿಗೆ ‘ವೀರಸಿಂಹಾರೆಡ್ಡಿ’ ಅದೇ ಮೀಸೆ, ಅದೇ ಗುಡುಗಿನೊಂದಿಗೆ ಬಂತು, ಥಿಯೇಟರ್ ತುಂಬಿತು.

ಚಿಕ್ಕವನಿದ್ದಾಗ ದೊಡ್ಡಮ್ಮನ ಜೊತೆ ಇಂಥ ಒಂದು ಚಿತ್ರಕ್ಕೆ ಹೋಗಿದ್ದೆ. ಯಾವುದು ಅಂತ ನೆನಪಿಲ್ಲ. ಸುಮೋಗಳು ರಸ್ತೆ ಬಿಟ್ಟು ಹೊಲಕ್ಕೆ ಇಳಿದವು. ಥಿಯೇಟರಿನಲ್ಲಿ ಶಿಳ್ಳೆಯೋ ಶಿಳ್ಳೆ. ದೊಡ್ಡಮ್ಮ ನನ್ನ ಕೈ ಹಿಡಿದು ಎಳೆದಳು. ‘ಅಯ್ಯೋ, ಶೇಂಗಾ ಹೂ ಬಿಟ್ಟದೆ ನೋಡೋ. ಯಾರು ಸಾಲ ಮಾಡಿ ಬಿತ್ತಿದ್ರೋ ಏನೋ’ ಅಂದಳು. ನಾನು ನೋಡಿದೆ. ಚಕ್ರದ ಕೆಳಗೆ ಸಣ್ಣ ಹಳದಿ ಹೂಗಳು ಕಂಡವು. ಮುಂದಿನ ಶಾಟ್‌ನಲ್ಲಿ ಸುಮೋ ಸಿಡಿಯಿತು. ಸಿನಿಮಾ ಮುಗಿಯುವ ತನಕ ದೊಡ್ಡಮ್ಮ ಆ ಹೊಲ ಮತ್ತೆ ಬರುತ್ತದಾ ಅಂತ ಕಾಯುತ್ತಿದ್ದಳು.