ಎಂಆರ್‌ಐ ಮಾಡಿಸಿದರೆ ಸಿಸ್ಟೋಸ್ಕೋಪಿ ತಪ್ಪುತ್ತದಾ?

ಪ್ರಶ್ನೆ: ಅಪ್ಪನಿಗೆ ಮೂತ್ರದಲ್ಲಿ ರಕ್ತ ಹೋಯಿತು. ಸ್ಕ್ಯಾನಿಂಗ್ ಮಾಡಿ ಮೂತ್ರಕೋಶದಲ್ಲಿ ಗಂಟು ಇರಬಹುದು ಅಂದರು. ಪೈಪು ಹಾಕಿ ನೋಡುವುದಕ್ಕೆ ಅಪ್ಪ ಸುತರಾಂ ಒಪ್ಪುತ್ತಿಲ್ಲ. ದುಡ್ಡು ಜಾಸ್ತಿ ಆದರೂ ಪರವಾಗಿಲ್ಲ, ಅದರ ಬದಲು ಎಂಆರ್‌ಐ ಮಾಡಿಸಬಹುದಲ್ವಾ?

ಉತ್ತರ: ಎಂಆರ್‌ಐ ಬೇಕಾಗಬಹುದು. ಆದರೆ ಸಿಸ್ಟೋಸ್ಕೋಪಿಯ, ಅಂದರೆ ಕ್ಯಾಮೆರಾ ಇರುವ ಆ ಪೈಪು (ಸ್ಕೋಪು) ಹಾಕಿ ಮೂತ್ರಕೋಶದ ಒಳಗೆ ನೋಡುವ ಪರೀಕ್ಷೆಯ ಬದಲಿಗಲ್ಲ. ಇದನ್ನು ಎಷ್ಟನೇ ಸಲ ಬರೆಯುತ್ತಿದ್ದೇನೋ, ಲೆಕ್ಕ ಬಿಟ್ಟಿದ್ದೇನೆ.

ಮಷೀನು ದೊಡ್ಡದಿದ್ದಷ್ಟೂ, ಬಿಲ್ಲು ಏರಿದಷ್ಟೂ ಒಳಗಿನದೆಲ್ಲ ಕಾಣುತ್ತದೆ ಅಂತ ನಮ್ಮವರು ನಂಬಿಕೊಂಡಿದ್ದಾರೆ. ಎಕ್ಸ್‌ರೇಗಿಂತ ಸಿಟಿ ಮೇಲು, ಸಿಟಿಗಿಂತ ಎಂಆರ್‌ಐ ಮೇಲು. ಹಾಗೇನೂ ಇಲ್ಲ ಸ್ವಾಮಿ.

ಡಾಕ್ಟರು ಹುಡುಕುತ್ತಿರುವುದು ಮೂತ್ರಕೋಶದ ಕ್ಯಾನ್ಸರ್ ಇದೆಯಾ ಅಂತ. ಈ ಕ್ಯಾನ್ಸರ್ ಯಾವಾಗಲೂ ಗಂಟಾಗಿ ಏಳುವುದಿಲ್ಲ. ಒಂದು ಬಗೆ ಒಳಪದರದ ಮೇಲೆ ಚಪ್ಪಟೆಯಾಗಿ ಹರಡಿರುತ್ತದೆ. ಸ್ಕೋಪಿನಲ್ಲಿ ನೋಡಿದರೆ ಕೆಂಪು ಮಖಮಲ್ಲಿನ ತೇಪೆಯ ಹಾಗೆ. ಎಂಆರ್‌ಐಗೆ ಬಣ್ಣ ಗೊತ್ತಾಗುವುದಿಲ್ಲ, ಈ ತೇಪೆಗೆ ದಪ್ಪವೂ ಇಲ್ಲ. ಕತ್ತಲಲ್ಲಿ ಗೋಡೆ ಸವರಿ ಎಲ್ಲಿ ಉಬ್ಬಿದೆ ಅಂತ ಹೇಳಬಹುದು. ಎಲ್ಲಿ ಕುಂಕುಮ ಮೆತ್ತಿದೆ ಅಂತ ಹೇಳೋಕಾಗುತ್ತಾ? ಚಪ್ಪಟೆ ಅಂತ ಅದೇನು ಸಾಧುವಲ್ಲ, ಉಗ್ರವಾದ ಜಾತಿಯೇ. ತೀರಾ ಸಣ್ಣ ಗಂಟುಗಳೂ ಎಂಆರ್‌ಐ ಕಣ್ಣು ತಪ್ಪಿಸುತ್ತವೆ. ದೊಡ್ಡದು ಚೆನ್ನಾಗಿಯೇ ಕಂಡಿತು ಅನ್ನಿ. ಅದು ಕ್ಯಾನ್ಸರ್ ಹೌದೋ ಅಲ್ಲವೋ ಅನ್ನುವುದು ಚೂರು ತೆಗೆದು ಬಯಾಪ್ಸಿಗೆ ಕಳಿಸಿದ ಮೇಲೇ ಗೊತ್ತಾಗುವುದು. ಆ ಚೂರನ್ನು ತೆಗೆಯುವುದಕ್ಕೆ ಸ್ಕೋಪೇ ಒಳಗೆ ಹೋಗಬೇಕು.

ಪೈಪು ಅಂದ ಕೂಡಲೇ ಅಪ್ಪನಿಗೆ ತೋಟಕ್ಕೆ ನೀರು ಬಿಡುವ ಪೈಪು ನೆನಪಾಗಿರಬೇಕು. ಈಗಿನ ಬಾಗುವ ಸ್ಕೋಪು ಪೆನ್ಸಿಲಿಗಿಂತ ಸಣ್ಣ. ಮರಗಟ್ಟಿಸುವ ಜೆಲ್ಲಿ ಹಾಕುತ್ತಾರೆ, ನೋಡುವ ಕೆಲಸ ಕೆಲವೇ ನಿಮಿಷ. ಆಮೇಲೆ ಒಂದೆರಡು ದಿನ ಉರಿ ಇರಬಹುದು. ಇದನ್ನು ಅವರಿಗೆ ಹೇಳಿ.

ಹಾಗಾದರೆ ಎಂಆರ್‌ಐ ಯಾಕೆ? ಗಂಟು ಎಷ್ಟು ಆಳಕ್ಕೆ ಇಳಿದಿದೆ ಅಂತ ನೋಡುವುದಕ್ಕೆ. ಟಿ2 ಅನ್ನುವ ಚಿತ್ರದಲ್ಲಿ ಮೂತ್ರ ಬೆಳ್ಳಗೆ ಕಾಣುತ್ತದೆ, ಸುತ್ತ ಸ್ನಾಯುವಿನ ಕಪ್ಪು ಗೆರೆ. ಬಿಳಿ ಪಂಚೆಗೆ ಕಪ್ಪು ಅಂಚು ಇದ್ದ ಹಾಗೆ. ಗಂಟು ಬೂದು ಬಣ್ಣ. ಅದರ ಬುಡದಲ್ಲಿ ಅಂಚು ಎಲ್ಲೂ ಕಡಿಯದೆ ಓಡಿದ್ದರೆ ಅರ್ಧ ಚಿಂತೆ ಕಳೆಯಿತು. ಅಂಚು ಹರಿದಿದ್ದರೆ ಸ್ನಾಯುವಿಗೆ ಇಳಿದಿರುವ ಅನುಮಾನ, ಆಗ ಮೂತ್ರಕೋಶವನ್ನೇ ತೆಗೆಯುವ ಮಾತೂ ಬರಬಹುದು. ಈ ಅನುಮಾನಕ್ಕೆ 1ರಿಂದ 5ರವರೆಗೆ ಅಂಕ ಕೊಡುವ ವಿಐ-ರಾಡ್ಸ್ ಪದ್ಧತಿ 2018ರಲ್ಲಿ ಬಂತು. ರಿಪೋರ್ಟಿನಲ್ಲಿ 4 ಅಂತ ಕಂಡರೆ ಅದು ನಾಲ್ಕನೇ ಸ್ಟೇಜ್ ಅಲ್ಲ. ದಯವಿಟ್ಟು ಹಾಗೆ ಓದಿಕೊಂಡು ಮನೆಮಂದಿಯನ್ನೆಲ್ಲ ಅಳಿಸಬೇಡಿ.

ಗಂಟನ್ನು ಕೊರೆದು ತೆಗೆಯುವ ಮೊದಲೇ ಎಂಆರ್‌ಐ ಆಗಿದ್ದರೆ ಒಳ್ಳೆಯದು. ಕೊರೆದ ಜಾಗದ ಊತವೂ ಗಂಟಿನ ಹಾಗೇ ಕಾಣುತ್ತದೆ. ಮೂತ್ರಕೋಶ ಹದವಾಗಿ ತುಂಬಿರಬೇಕು. ಪೂರ್ತಿ ಖಾಲಿ ಇದ್ದರೆ ಗೋಡೆ ಸುಕ್ಕುಗಟ್ಟಿ ಸುಕ್ಕೇ ಗಂಟು ಅನ್ನಿಸುತ್ತದೆ. ತಡೆಯಲಾರದಷ್ಟು ತುಂಬಿದ್ದರೆ ರೋಗಿ ಒದ್ದಾಡಿ ಚಿತ್ರ ಕೆಡುತ್ತದೆ.

ನೀವು ಕೇಳಲಿಲ್ಲ, ಆದರೂ ಒಂದು ಮಾತು. ಮೂತ್ರದ ತೊಂದರೆ ಅಂತ ಹೋದರೆ ಡಾಕ್ಟರು ಬೀಡಿ ಸೇದುತ್ತೀರಾ ಅಂತ ಯಾಕೆ ಕೇಳುತ್ತಾರೆ? 1895ರಲ್ಲಿ ಜರ್ಮನಿಯ ಸರ್ಜನ್ ಲುಡ್ವಿಗ್ ರೆನ್, ಬಣ್ಣದ ಕಾರ್ಖಾನೆಯ ಕೆಲಸಗಾರರಲ್ಲಿ ಮೂತ್ರಕೋಶದ ಗಂಟುಗಳನ್ನು ಗುರುತಿಸಿದರು. ಆಮೇಲೆ ಸಿಕ್ಕಿಬಿದ್ದದ್ದು ಆರೊಮ್ಯಾಟಿಕ್ ಅಮೈನ್ ಅನ್ನುವ ರಾಸಾಯನಿಕಗಳು. ಅದೇ ಕುಲದವು ತಂಬಾಕಿನ ಹೊಗೆಯಲ್ಲೂ ಇವೆ. ಹೊಗೆ ಹೋಗುವುದು ಶ್ವಾಸಕೋಶಕ್ಕೆ, ನಿಜ. ಅಲ್ಲಿಂದ ವಿಷ ರಕ್ತಕ್ಕೆ ಇಳಿಯುತ್ತದೆ, ಕಿಡ್ನಿ ಅದನ್ನು ಸೋಸಿ ಕೆಳಗೆ ಕಳಿಸುತ್ತದೆ. ಆಮೇಲೆ ನೀವು ಎದ್ದು ಬಾತ್‌ರೂಮಿಗೆ ಹೋಗುವ ತನಕ ಅದು ಮೂತ್ರಕೋಶದಲ್ಲೇ ನಿಂತಿರುತ್ತದೆ.