ಹೊಸ ಫ್ರಾಂಕೆನ್‌ಸ್ಟೈನ್ ನೋಡೋ ಮುಂಚೆ ಪುಸ್ತಕ ಓದ್ಬೇಕಾ? ಕಥೆ ಗೊತ್ತಾದ್ರೆ ಭಯ ಹೋಗಲ್ವಾ?

ಓದುಗರ ಪ್ರಶ್ನೆ: "ನೆಟ್‌ಫ್ಲಿಕ್ಸಲ್ಲಿ ಫ್ರಾಂಕೆನ್‌ಸ್ಟೈನ್ ಹೊಸದಾಗಿ ಬಂದಿದ್ಯಲ್ಲ, ನಾನಿನ್ನೂ ನೋಡಿಲ್ಲ. ಕೆಲವ್ರು ಪುಸ್ತಕ ಓದಿ ಆಮೇಲೆ ನೋಡು ಅಂತಾರೆ, ಕೆಲವ್ರು ಹಳೇ ಬ್ಲಾಕ್ ಅಂಡ್ ವೈಟ್ ಪಿಕ್ಚರ್ ನೋಡು ಅಂತಾರೆ. ಕಥೆ ಎಲ್ಲಾ ಮೊದ್ಲೇ ಗೊತ್ತಾಗ್ಬಿಟ್ರೆ ಭಯ ಆಗೋದಾದ್ರೂ ಹೇಗೆ?"

ನೇರವಾಗಿ ಹೇಳ್ಬಿಡ್ತೀನಿ. ಪೂರ್ತಿ ಪುಸ್ತಕ ಓದ್ಲೇಬೇಕು ಅಂತೇನಿಲ್ಲ, ಆದ್ರೆ ಮಧ್ಯದಲ್ಲಿರೋ ಆರು ಅಧ್ಯಾಯ, 11ರಿಂದ 16ರವರೆಗೆ, ಅಷ್ಟನ್ನ ಮಾತ್ರ ಓದ್ಕೊಂಡು ಆಮೇಲೆ ಸಿನಿಮಾ ಹಾಕಿ. ಆ ಆರು ಅಧ್ಯಾಯದಲ್ಲಿ ಮಾತಾಡೋದು ವಿಜ್ಞಾನಿ ವಿಕ್ಟರ್ ಫ್ರಾಂಕೆನ್‌ಸ್ಟೈನ್ ಅಲ್ಲ, ಅವನು ಹೆಣಗಳ ತುಂಡು ಜೋಡಿಸಿ ಮಾಡಿದ ಆ ಹೆಸರಿಲ್ಲದ ಜೀವ ತನ್ನ ಕಥೆನ ತಾನೇ ಹೇಳ್ಕೊಳ್ಳತ್ತೆ. ಭಯ ಹೋಗತ್ತಾ ಅಂತ ಕೇಳಿದ್ರಲ್ಲ, ಹೋಗಲ್ಲ, ಆದ್ರೆ ಯಾರನ್ನ ಕಂಡ್ರೆ ಭಯ ಅನ್ನೋದು ಬದಲಾಗ್ಬಿಡತ್ತೆ, ಮತ್ತೆ ನನ್ನ ಪ್ರಕಾರ ಈ ಕಥೆಯ ಯಾವ ರೀಮೇಕ್ ಬಂದ್ರೂ ಅಳೆಯೋಕೆ ಇರೋ ಅಳತೆ ಒಂದೇ, ಆ ಜೀವಕ್ಕೆ ಮಾತಾಡೋಕೆ ಬಿಟ್ರಾ ಇಲ್ವಾ.

ಯಾಕೆ ಹಾಗಂತೀನಿ ಅಂತ ತಿಳೀಬೇಕಾದ್ರೆ ಈ ಕಥೆ ಹುಟ್ಟಿದ್ದು ಹೇಗೆ ಅಂತ ಸ್ವಲ್ಪ ನೋಡ್ಬೇಕು. 1815 ಏಪ್ರಿಲ್‌ನಲ್ಲಿ ಇಂಡೋನೇಷ್ಯಾದ ತಂಬೋರಾ ಜ್ವಾಲಾಮುಖಿ ಸಿಡೀತು. ಆ ಧೂಳು, ಗಂಧಕದ ಹೊಗೆ ಆಕಾಶಕ್ಕೇರಿ ಮುಂದಿನ ವರ್ಷ ಯುರೋಪಿನಲ್ಲಿ ಬೇಸಿಗೆನೇ ಬರ್ಲಿಲ್ಲ, ಚಳಿ, ಮಳೆ, ಬೆಳೆ ಹಾಳು. ಆ 1816ರಲ್ಲಿ ನಮ್ಮ ಕೊಡಗಲ್ಲಿ ರಾಜ ಲಿಂಗರಾಜೇಂದ್ರ ಆಳ್ತಿದ್ದ, ಮಡಿಕೇರಿ ಕೋಟೆ ಒಳಗೆ ಇವತ್ತೂ ನಿಂತಿರೋ ಅರಮನೆ ಕಟ್ಟಿಸಿ ಎರಡು ವರ್ಷ ಆಗಿತ್ತಷ್ಟೆ, ಅಷ್ಟು ಹಳೇ ಕಾಲ ಅಂತ ಇಟ್ಕೊಳ್ಳಿ. ಆಗ ಸ್ವಿಟ್ಜರ್ಲೆಂಡಿನ ಜಿನೀವಾ ಸರೋವರದ ದಡದಲ್ಲಿ ಕವಿ ಬೈರನ್ ಬಾಡಿಗೆಗೆ ಹಿಡಿದಿದ್ದ ಮನೆಗೆ ಕವಿ ಶೆಲ್ಲಿ, ಅವನ ಜೊತೆಗಿದ್ದ ಮೇರಿ (ಮುಂದೆ ಅವನನ್ನ ಮದುವೆಯಾಗಿ ಮೇರಿ ಶೆಲ್ಲಿ ಆದವಳು), ಡಾಕ್ಟರ್ ಪೊಲಿಡೋರಿ ಎಲ್ಲ ಬಂದು ಸೇರ್ತಿದ್ರು. ಮಳೆ ನಿಲ್ಲಲ್ಲ, ಹೊರಗೆ ಕಾಲಿಡೋ ಹಾಗಿಲ್ಲ. ಕಕ್ಕಡದಲ್ಲಿ, ಅಂದ್ರೆ ಜುಲೈ-ಆಗಸ್ಟಿನ ಮಳೆ ತಿಂಗಳಲ್ಲಿ, ನಮ್ಮ ಭಾಗಮಂಡಲ ಕಡೆ ಇದ್ದವ್ರಿಗೆ ಇದನ್ನ ಬಿಡಿಸಿ ಹೇಳ್ಬೇಕಾಗಿಲ್ಲ, ಕರೆಂಟಿಲ್ಲ, ಹೊರಗೆ ಜಡಿಮಳೆ, ಒಲೆ ಮುಂದೆ ಕೂತ್ರೆ ಮಾತು ತಾನಾಗೇ ಕೊಳ್ಳಿದೆವ್ವದ ಕಡೆ ತಿರುಗತ್ತೆ. ಅವ್ರೂ ದೆವ್ವದ ಕಥೆ ಓದಿ ಓದಿ ಸಾಕಾಗಿ, ನಾವೇ ಒಬ್ಬೊಬ್ರು ಒಂದೊಂದು ಬರೆಯೋಣ ಅಂದ್ರು. ಮೇರಿಗೆ ಆಗ 18 ವಯಸ್ಸು. ಅವಳು ಶುರು ಮಾಡಿದ್ದೇ ಈ ಕಥೆ, 1818 ಜನವರಿ 1ಕ್ಕೆ ಲೇಖಕಿ ಹೆಸರಿಲ್ದೇನೇ ಅಚ್ಚಾಗಿ ಬಂತು, ಮೊದಲ ಮುದ್ರಣ 500 ಪ್ರತಿ.

ಆದ್ರೆ ಮಳೆಗಿಂತ ಮುಖ್ಯವಾದದ್ದು ಇನ್ನೊಂದಿದೆ. ಮೇರಿ ಹುಟ್ಟಿ ಹನ್ನೊಂದೇ ದಿನಕ್ಕೆ ಅವಳ ತಾಯಿ ತೀರ್ಕೊಂಡ್ರು. 1815ರಲ್ಲಿ ಅವಳಿಗೇ ಒಂದು ಮಗು ದಿನ ತುಂಬೋ ಮೊದ್ಲೇ ಹುಟ್ಟಿ ಕೆಲವೇ ದಿನದಲ್ಲಿ ಹೋಗ್ಬಿಡ್ತು, ಆಮೇಲೆ ಅವಳು ಡೈರಿಯಲ್ಲಿ ಒಂದು ಕನಸು ಬರೆದಿದ್ದಾಳೆ, ಮಗು ಸತ್ತಿರ್ಲಿಲ್ಲ, ತಣ್ಣಗಾಗಿತ್ತಷ್ಟೆ, ಬೆಂಕಿ ಮುಂದೆ ಕೂತು ಉಜ್ಜಿದ್ವಿ, ಬದುಕ್ತು, ಎಚ್ಚರ ಆದ್ರೆ ಮಗು ಇಲ್ಲ. ಇದನ್ನ ತಿಳ್ಕೊಂಡು ಈ ಕಥೆ ಓದಿದ್ರೆ ಇದು ಲ್ಯಾಬು, ಸಿಡಿಲು, ಹೆಣದ ಕಥೆಯಾಗಿ ಉಳಿಯಲ್ಲ. ಹುಟ್ಟಿಸಿದವನೇ ಹುಟ್ಟಿದ ರಾತ್ರಿನೇ ಬಿಟ್ಟು ಓಡಿಹೋದ ಮಗುವಿನ ಕಥೆ ಇದು. ಪುಸ್ತಕದಲ್ಲಿ ವಿಕ್ಟರ್ ಮಾಡೋದು ಅದನ್ನೇ, ಆ ಜೀವ ಕಣ್ಣು ಬಿಟ್ಟ ತಕ್ಷಣ ಇವನು ಹೇಸಿ ರೂಮ್ ಬಿಟ್ಟು ಓಡ್ತಾನೆ, ಹೋಗಿ ಮಲಗ್ತಾನೆ. ಜೀವ ಬರಿಸಿದ್ದು ಹೇಗೆ ಅಂತ ಪುಸ್ತಕ ಹೇಳೋದೇ ಇಲ್ಲ. 1803ರಲ್ಲಿ ಲಂಡನ್‌ನಲ್ಲಿ ಆಲ್ಡಿನಿ ಅನ್ನೋ ವಿಜ್ಞಾನಿ ನೇಣಿಗೇರಿದವನೊಬ್ಬನ ಹೆಣಕ್ಕೆ ಕರೆಂಟ್ ಮುಟ್ಟಿಸಿ, ದವಡೆ ಅಲುಗಿ ಒಂದು ಕಣ್ಣು ತೆರೆದಿದ್ದನ್ನ ಜನ ನೋಡಿದ್ರು, ಅಂಥ ಸುದ್ದಿಯೆಲ್ಲ ಆ ಕಾಲದ ಗಾಳಿಯಲ್ಲಿತ್ತು ಅನ್ನೋದು ನಿಜ, ಆದ್ರೂ ಮೇರಿ ಯಂತ್ರದ ಬಗ್ಗೆ ತಲೆ ಕೆಡಿಸ್ಕೊಂಡಿಲ್ಲ.

ಈಗ ಆ ಆರು ಅಧ್ಯಾಯಕ್ಕೆ ಬರೋಣ, ನನಗೆ ಎಷ್ಟು ಹೇಳಿದ್ರೂ ಸಾಲದ ಭಾಗ ಇದು. ವಿಕ್ಟರ್ ಬಿಟ್ಟುಹೋದ ಆ ಎಂಟಡಿ ಎತ್ತರದವನು ಕಾಡಲ್ಲಿ ಒಬ್ಬನೇ ಅಲೀತಾನೆ, ಹಸಿವು ಅಂದ್ರೇನು ಚಳಿ ಅಂದ್ರೇನು ಅಂತ ಒಂದೊಂದಾಗಿ ಕಲೀತಾನೆ, ಯಾರೋ ಬಿಟ್ಟು ಹೋದ ಬೆಂಕಿ ಸಿಕ್ಕಿ ಖುಷಿಯಿಂದ ಅದಕ್ಕೇ ಕೈ ಇಟ್ಟು ಸುಟ್ಕೊಳ್ತಾನೆ. ಆಮೇಲೆ ಒಂದು ಬಡ ಸಂಸಾರದ ಮನೆಗೆ ಅಂಟ್ಕೊಂಡಿರೋ ಗೂಡಿನಂಥ ಜಾಗದಲ್ಲಿ ಅಡಗಿ, ಗೋಡೆ ಬಿರುಕಲ್ಲಿ ಅವ್ರನ್ನ ತಿಂಗಳುಗಟ್ಲೆ ನೋಡ್ತಾನೆ. ಅವ್ರ ಊಟ ಕದೀತಿದ್ದವನು ಅವ್ರೂ ಹಸಿದಿದ್ದಾರೆ ಅಂತ ಗೊತ್ತಾದ ಮೇಲೆ ಕದಿಯೋದು ಬಿಟ್ಟು, ರಾತ್ರಿ ಕಾಡಿಗೆ ಹೋಗಿ ಸೌದೆ ತಂದು ಬಾಗಿಲ ಮುಂದೆ ಇಡ್ತಾನೆ, ದಾರಿಯ ಹಿಮ ಸರಿಸ್ತಾನೆ, ಆ ಮನೆಯವ್ರು ಇದ್ಯಾವುದೋ ಒಳ್ಳೇ ದೇವತೆ ಮಾಡಿದ್ದು ಅಂದ್ಕೊಳ್ತಾರೆ. ಅವ್ರ ಮನೆಗೆ ಬಂದ ಹೊರದೇಶದ ಹುಡುಗಿಗೆ ಭಾಷೆ ಹೇಳಿಕೊಡೋದನ್ನ ಕದ್ದು ಕೇಳಿ ತಾನೂ ಕಲೀತಾನೆ, ಸಿಕ್ಕ ಪುಸ್ತಕ ಓದ್ತಾನೆ, ಇಂಗ್ಲಿಷ್ ಕವಿ ಮಿಲ್ಟನ್ನಿನ ಮಹಾಕಾವ್ಯನೂ ಓದ್ತಾನೆ. ಕೊನೆಗೆ ಧೈರ್ಯ ಮಾಡಿ ಮನೆಯ ಕುರುಡ ಮುದುಕ ಒಬ್ನೇ ಇದ್ದಾಗ ಒಳಗೆ ಹೋಗಿ ಮಾತಾಡಿಸ್ತಾನೆ, ಮುದುಕ ಪ್ರೀತಿಯಿಂದಾನೇ ಮಾತಾಡ್ತಾನೆ, ಅಷ್ಟರಲ್ಲಿ ಮಕ್ಕಳು ಬಂದು ಇವನ ರೂಪ ನೋಡಿ, ಮಗ ದೊಣ್ಣೆ ತಗೊಂಡು ಬಡೀತಾನೆ. ಅವನು ತಿರುಗಿ ಒಂದೇಟು ಹಾಕಿದ್ರೆ ಆ ಹುಡುಗ ಉಳೀತಿರ್ಲಿಲ್ಲ, ಹಾಕಲ್ಲ, ಓಡಿಹೋಗ್ತಾನೆ.

ಇಷ್ಟು ಓದಿದ ಮೇಲೆ ಅವನು ಮುಂದೆ ಮಾಡೋ ಕೊಲೆಗಳನ್ನ ಓದ್ಬೇಕಾಗತ್ತೆ, ಮೊದಲನೇದೇ ಒಂದು ಚಿಕ್ಕ ಹುಡುಗನದು. ಅಲ್ಲಿದೆ ನೋಡಿ ಭಯ. ಸೌದೆ ತಂದಿಟ್ಟ ಕೈನೇ ಅದು ಅಂತ ನಮಗೆ ಗೊತ್ತು. ತಟ್ ಅಂತ ಬಾಗಿಲ ಹಿಂದಿನಿಂದ ಬರೋ ಭಯ ಕಥೆ ಗೊತ್ತಾದ್ರೆ ಹೋಗ್ಬಹುದು, ಇದು ಗೊತ್ತಾದಷ್ಟೂ ಜಾಸ್ತಿ ಆಗತ್ತೆ.

ಕೊಡಗಿನವ್ರಿಗೆ ಇದು ಇನ್ನೂ ಒಂದು ರೀತಿ ಹತ್ತಿರ ಅನ್ಸತ್ತೆ ನನಗೆ. ನಮ್ಮಲ್ಲಿ ಐನ್‌ಮನೆ (ಮನೆತನದ ಮೂಲಮನೆ) ಹತ್ರ ಕೈಮಡ (ಹಿರಿಯರ ಪುಟ್ಟ ಗುಡಿ) ಇರತ್ತೆ, ಸತ್ತ ಹಿರಿಯರಿಗೆ, ಮನೆತನದ ಮೂಲಪುರುಷರಾದ ಕಾರಣರಿಗೆ, ವರ್ಷಕ್ಕೊಂದ್ಸಲ ಎಡೆ ಇಡ್ತೀವಿ, ಅವ್ರಿಗೆ ಇಷ್ಟವಾದ ಮಾಂಸ, ಮದ್ಯ ಎಲ್ಲ ಇಟ್ಟು ಕೈ ಮುಗೀತೀವಿ. ಹೋದವ್ರು ನಮಗೆ ಬೇಕಾದವ್ರೇ, ಅವ್ರನ್ನ ಮರೆತು ಉಪವಾಸ ಕೆಡವಿದ್ರೆ ಮಾತ್ರ ತೊಂದ್ರೆ ಅನ್ನೋ ನಂಬಿಕೆಯಲ್ಲಿ ಬೆಳೆದವ್ರು ನಾವು. ವಿಕ್ಟರ್ ಸತ್ತವ್ರನ್ನ ಎಬ್ಬಿಸಿ ಒಂದು ತುತ್ತು ಕೊಡ್ಲಿಲ್ಲ, ಒಂದು ಹೆಸರು ಇಡ್ಲಿಲ್ಲ, ಮನೆಯವನು ಅಂತ ಕರೀಲಿಲ್ಲ. ಬೇರೆ ಕಡೆಯವ್ರು ಇದನ್ನ ದೇವರ ಕೆಲಸಕ್ಕೆ ಕೈ ಹಾಕಿದವನ ಅಹಂಕಾರದ ಕಥೆ ಅಂತ ಓದ್ತಾರೆ, ಅದೂ ಇದೆ, ನಾನಂತೂ ಇದನ್ನ ಕರ್ತವ್ಯ ಬಿಟ್ಟವನ ಕಥೆ ಅಂತಾನೇ ಓದೋದು.

ಹಾಗಿದ್ರೆ ನಮಗೆಲ್ಲ ಗೊತ್ತಿರೋ ಆ ಚಪ್ಪಟೆ ತಲೆ, ಕತ್ತಲ್ಲಿ ಬೋಲ್ಟು, ಕೈ ಮುಂದೆ ಚಾಚಿ ಗುರ್ ಅಂತ ನಡ್ಕೊಂಡು ಬರೋ ಭೂತ ಎಲ್ಲಿಂದ ಬಂತು? ನಾಟಕದಿಂದ, ಸಿನಿಮಾದಿಂದ. 1823ರಲ್ಲೇ ಲಂಡನ್‌ನಲ್ಲಿ ಇದು ನಾಟಕ ಆಯ್ತು, ಅಲ್ಲೇ ಅವನ ಬಾಯಿ ಕಟ್ಟಿದ್ದು, ಮಾತೇ ಇಲ್ಲ, ಬರೀ ಅಭಿನಯ. ಪಾತ್ರಗಳ ಪಟ್ಟಿಯಲ್ಲಿ ಅವನ ಹೆಸರಿನ ಜಾಗ ಖಾಲಿ ಗೆರೆ. ಮೇರಿ ಸ್ವತಃ ಹೋಗಿ ನೋಡಿ, ಹೆಸರಿಲ್ಲದವನನ್ನ ಹಾಗೆ ತೋರ್ಸಿದ್ದು ಚೆನ್ನಾಗಿದೆ ಅಂತ ಪತ್ರ ಬರೆದಿದ್ದಳು. 1931ರಲ್ಲಿ ಜೇಮ್ಸ್ ವೇಲ್ ನಿರ್ದೇಶನದ ಸಿನಿಮಾ ಬಂತು, ಅದು ನೇರ ಪುಸ್ತಕದಿಂದಲ್ಲ, ಇನ್ನೊಂದು ನಾಟಕದಿಂದ ಬಂದಿದ್ದು. ಬೋರಿಸ್ ಕಾರ್ಲಾಫ್ ನಟನೆ, ಜಾಕ್ ಪಿಯರ್ಸ್ ಮೇಕಪ್, ಶುರುವಿನ ಟೈಟಲ್ ಕಾರ್ಡಲ್ಲಿ ನಟನ ಹೆಸರಿನ ಬದ್ಲು ಒಂದು ಪ್ರಶ್ನಾರ್ಥಕ ಚಿಹ್ನೆ. ಚಪ್ಪಟೆ ತಲೆ, ಬೋಲ್ಟು ಎಲ್ಲ ಆಗ ಸೇರಿದ್ದು.

ಹಳೇದು ನೋಡ್ಬೇಕಾ ಅಂದ್ರೆ, ನೋಡಿ, 70 ನಿಮಿಷದ ಸಿನಿಮಾ ಅಷ್ಟೆ. ಮಾತಿಲ್ದೇ ಇದ್ರೂ ಕಾರ್ಲಾಫ್ ಕಣ್ಣಲ್ಲೇ ಆ ಮಗುನ ಉಳಿಸ್ಕೊಂಡಿದ್ದಾರೆ. ಕೆರೆ ದಡದಲ್ಲಿ ಒಂದು ಪುಟ್ಟ ಹುಡುಗಿ ಅವನಿಗೆ ಹೂ ಕೊಟ್ಟು ನೀರಿಗೆ ಹಾಕೋ ಆಟ ಹೇಳಿಕೊಡ್ತಾಳೆ, ಹೂ ತೇಲತ್ತೆ, ಹೂ ಖಾಲಿಯಾದಾಗ ಅವಳೂ ತೇಲ್ತಾಳೆ ಅಂದ್ಕೊಂಡು ಅವಳನ್ನೇ ಎತ್ತಿ ಹಾಕ್ಬಿಡ್ತಾನೆ, ಮುಳುಗಿದ್ದು ನೋಡಿ ಗಾಬರಿಯಿಂದ ಓಡ್ತಾನೆ. ಆಗಿನ ಸೆನ್ಸಾರ್‌ನವ್ರು ಇದು ತುಂಬಾ ಕ್ರೂರ ಅಂತ ಅವನು ಕೈ ಚಾಚೋವಲ್ಲಿಗೇ ಕತ್ತರಿ ಹಾಕಿದ್ರು, ಆಮೇಲೆ ಅಪ್ಪ ಮಗಳ ಹೆಣ ಹೊತ್ಕೊಂಡು ಬರೋದು ಮಾತ್ರ ಉಳೀತು, ಮಧ್ಯೆ ಏನಾಯ್ತು ಅಂತ ನೋಡಿದವ್ರು ಏನೇನೋ ಕಲ್ಪಿಸ್ಕೊಳ್ಳೋ ಹಾಗಾಯ್ತು. ದಶಕಗಳ ನಂತ್ರ ಆ ತುಂಡು ಮತ್ತೆ ಸೇರಿಸಿದ್ರು. ಅವನಿಗೆ ಆಗಿರೋ ಅನ್ಯಾಯಕ್ಕೆ ಇದಕ್ಕಿಂತ ಸಾಕ್ಷಿ ಬೇಕಾ? 1935ರಲ್ಲಿ ಬಂದ ಮುಂದಿನ ಭಾಗದಲ್ಲಿ ಕೆಲವು ಮಾತು ಕೊಟ್ರು, ಆದ್ರೆ ಅದು ಎಳೇ ಮಗು ಮಾತಾಡೋ ಹಾಗೆ ಮುರುಕು ಮಾತು, ಪುಸ್ತಕದಲ್ಲಿ ಅವನು ಮಾತಲ್ಲಿ ವಿಕ್ಟರನ್ನೇ ಸೋಲಿಸೋ ಪಂಡಿತ.

ಈಗ ಹೊಸದು. ಇದರ ನಿರ್ದೇಶಕ ಗಿಯೆರ್ಮೋ ಡೆಲ್ ಟೊರೊ ಚಿಕ್ಕಂದಿನಲ್ಲಿ ಕಾರ್ಲಾಫ್‌ನ ನೋಡಿ ಮನಸೋತವ್ರು, ದಶಕಗಳಿಂದ ಇದನ್ನ ಮಾಡ್ಬೇಕು ಅಂತಿದ್ರು. ಅದಕ್ಕೇ ಸುದ್ದಿ ಬಂದಾಗಿಂದ ನನಗೆ ಆಸೆನೂ ಇತ್ತು ಹೆದರಿಕೆನೂ ಇತ್ತು, ದುಡ್ಡು ಸುರಿದು ಬರೀ ಸೆಟ್ಟು ತೋರ್ಸಿ ಬಿಡ್ತಾರೇನೋ ಅಂತ. 2025 ಆಗಸ್ಟ್ ಕೊನೆಗೆ ವೆನಿಸ್ ಚಿತ್ರೋತ್ಸವದಲ್ಲಿ ತೋರ್ಸಿದ್ರು, ನವೆಂಬರ್ 7ಕ್ಕೆ ನೆಟ್‌ಫ್ಲಿಕ್ಸಿಗೆ ಬಂತು, ನಮ್ಮಲ್ಲಿ ಪುತ್ತರಿ ಸುಗ್ಗಿಹಬ್ಬಕ್ಕೆ ಮುಂಚೆ, ಅರೇಬಿಕಾ ಕಾಫಿ ಕುಯ್ಲು ಶುರುವಾಗೋ ಹೊತ್ತು. ಆಸ್ಕರ್ ಐಸಾಕ್ ವಿಕ್ಟರ್, ಜೇಕಬ್ ಎಲೋರ್ಡಿ ಆ ಜೀವ, ಮಿಯಾ ಗಾತ್ ವಿಕ್ಟರನ ತಮ್ಮ ಮದುವೆಯಾಗ್ಬೇಕಿರೋ ಎಲಿಜಬೆತ್. ಸಿನಿಮಾನ ಎರಡು ಭಾಗ ಮಾಡಿದ್ದಾರೆ, ಮೊದ್ಲು ವಿಕ್ಟರ್ ಹೇಳೋ ಕಥೆ, ಆಮೇಲೆ ಆ ಜೀವ ಹೇಳೋ ಕಥೆ. ಆ ಎರಡನೇ ಭಾಗದ ಹೆಸರು ಸ್ಕ್ರೀನ್ ಮೇಲೆ ಬಂದಾಗ ನನಗೆ ನಿಜವಾಗ್ಲೂ ಕಣ್ಣು ತುಂಬಿ ಬಂತು, ನಾಟಕದ ಕಾಲದಿಂದ ಮುಚ್ಚಿಸಿದ್ದ ಬಾಯಿನ ಇಷ್ಟು ದೊಡ್ಡ ಸಿನಿಮಾ ಬಿಡಿಸ್ತಲ್ಲ ಅಂತ. ಎಲೋರ್ಡಿ ಅಂತೂ ಮೈಯನ್ನ ಆಗಷ್ಟೇ ಹುಟ್ಟಿದ ಕರು ಥರ ಬಳಸ್ತಾ ಬಳಸ್ತಾ ಕೊನೆಗೆ ತೂಕದ ಮಾತಾಡೋ ಗಂಡಸಾಗೋದಿದ್ಯಲ್ಲ, ಅದಕ್ಕೋಸ್ಕರ ನೋಡ್ಲೇಬೇಕು. ಕುರುಡ ಮುದುಕನ ಮನೆಯ ಭಾಗ ಸಿನಿಮಾದ ಜೀವ.

ಒಪ್ಪದೇ ಇರೋ ಒಂದು ವಿಷ್ಯನೂ ಹೇಳ್ಬೇಕು. ಪುಸ್ತಕದಲ್ಲಿ ಅವನು ಮುಗ್ಧರನ್ನ ಕೊಂದಿದ್ದಾನೆ, ಅದು ಅವನಿಗೂ ಗೊತ್ತು, ಆದ್ರೂ ನಾವು ಅವನ ಮಾತು ಕೇಳ್ಬೇಕಾಗತ್ತೆ, ಕಷ್ಟ ಇರೋದೇ ಅಲ್ಲಿ. ಸಿನಿಮಾದಲ್ಲಿ ಅವನ ಕೈಗಂಟಿದ ರಕ್ತನ ಬಹಳಷ್ಟು ತೊಳೆದು ಪಾಪ ಎಲ್ಲ ವಿಕ್ಟರ್ ಕಡೆ ಹಾಕಿದ್ದಾರೆ, ವಿಕ್ಟರನ ಅಪ್ಪನ್ನೂ ಬೆತ್ತ ಹಿಡಿದ ಕಠಿಣ ಡಾಕ್ಟರ್ ಮಾಡಿ ಕ್ರೌರ್ಯ ಹೇಗೆ ತಲೆಮಾರಿಂದ ತಲೆಮಾರಿಗೆ ಇಳಿಯತ್ತೆ ಅಂತ ತೋರ್ಸಿದ್ದಾರೆ (ಪುಸ್ತಕದಲ್ಲಿ ಅಪ್ಪ ಒಳ್ಳೆಯವನು). ಇದ್ರಿಂದ ಅವನನ್ನ ಪ್ರೀತಿಸೋದು ಸುಲಭ ಆಯ್ತು, ಸ್ವಲ್ಪ ಜಾಸ್ತಿನೇ ಸುಲಭ ಆಯ್ತು. ಕೊನೆ ಭಾಗನೂ ಪುಸ್ತಕಕ್ಕಿಂತ ಬೇರೆ, ನೀವು ನೋಡಿಲ್ಲ ಅಂದಿರೋದ್ರಿಂದ ಅದನ್ನ ಇಲ್ಲಿ ಬಿಡಿಸಲ್ಲ. ಆರು ಅಧ್ಯಾಯ ಓದಿ ನೋಡಿ ಅಂದಿದ್ದೂ ಇದಕ್ಕೇ, ಸಿನಿಮಾ ಏನು ಕೊಡ್ತು, ಏನು ಬಿಡ್ತು ಅಂತ ನಿಮಗೇ ಗೊತ್ತಾಗತ್ತೆ.

ಪುಸ್ತಕದ ಇಂಗ್ಲಿಷ್ ಮೂಲಕ್ಕೆ ಈಗ ಕಾಪಿರೈಟ್ ಇಲ್ಲ, ಪ್ರಾಜೆಕ್ಟ್ ಗುಟೆನ್‌ಬರ್ಗ್ ಅನ್ನೋ ವೆಬ್‌ಸೈಟಲ್ಲಿ ಫ್ರೀಯಾಗಿ ಸಿಗತ್ತೆ. 1818ರದ್ದು ಒಂದು, ಮೇರಿ ತಿದ್ದಿ ಬರೆದ 1831ರದ್ದು ಒಂದು, ಎರಡು ಆವೃತ್ತಿ ಇದೆ, ನಾನು ಹೇಳಿದ ಅಧ್ಯಾಯದ ನಂಬರ್ 1831ರ ಪ್ರಕಾರ, ಮೊದಲನೇದು ಮೂರು ಸಂಪುಟ ಆಗಿದ್ದ್ರಿಂದ ಕೆಲವು ಪ್ರತಿಯಲ್ಲಿ ನಂಬರ್ ಬೇರೆ ಇರತ್ತೆ. ಭಾಷೆ ಹಳೇದು, ವಾಕ್ಯ ಉದ್ದ, ಆದ್ರೆ ಈ ಭಾಗ ಮಿಕ್ಕಿದ್ದಕ್ಕಿಂತ ಸಲೀಸು. ಮಳೆಗಾಲದಲ್ಲಿ ನೋಡೋರಿದ್ರೆ ಸಿನಿಮಾನ ಮೊದ್ಲೇ ಡೌನ್‌ಲೋಡ್ ಮಾಡಿಟ್ಕೊಳ್ಳಿ, ಎರಡೂವರೆ ಗಂಟೆ ಸಿನಿಮಾ, ಕರೆಂಟ್ ಹೋಗಿ ಟವರ್ ಹೋದ್ರೆ ಮಧ್ಯದಲ್ಲಿ ನಿಂತ್ಹೋಗತ್ತೆ. ಹೆಣ ಕುಯ್ಯೋದು, ತೋಳಗಳು ಮೈಮೇಲೆ ಬೀಳೋದು ಎಲ್ಲ ಬಿಚ್ಚಿ ತೋರ್ಸಿರೋದ್ರಿಂದ ಚಿಕ್ಕ ಮಕ್ಕಳನ್ನ ಕೂರಿಸ್ಕೊಂಡು ಖಂಡಿತ ನೋಡ್ಬೇಡಿ, ಅವ್ರಿಗೆ ಬೇಕಾದ್ರೆ ಅವನು ಸೌದೆ ತಂದಿಡೋ ಕಥೆನ ನೀವೇ ಬಾಯಲ್ಲಿ ಹೇಳಿ.