ಮುಳುಗಿದ ವಿಮಾನಕ್ಕೆ ಗಾಳಿಯೇ ಗಂಡಾಂತರ

1940ರ ಆಗಸ್ಟ್ 26ರಂದು ಜರ್ಮನಿಯ ಒಂದು ಡಾರ್ನಿಯರ್ 17 ಬಾಂಬರ್ ಗುಂಡೇಟು ತಿಂದು ಇಂಗ್ಲೆಂಡಿನ ಕೆಂಟ್ ಕರಾವಳಿಯಾಚೆ, ಗುಡ್ವಿನ್ ಸ್ಯಾಂಡ್ಸ್ ಎಂಬ ಮರಳುದಿಣ್ಣೆಗಳ ಹತ್ತಿರ ಬಿತ್ತು. ಮಗುಚಿಕೊಂಡು ತಳ ಸೇರಿತು. ಆಮೇಲೆ ಮರಳು ಅದನ್ನು ಮುಚ್ಚಿತು. ಅದು ಉಳಿದದ್ದೇ ಆ ಮರಳಿನಿಂದ. ಅಲ್ಲಿನ ಮರಳು ಜಾಗ ಬದಲಿಸುತ್ತಲೇ ಇರುತ್ತದೆ. ಹಾಗೆ ಸರಿದು ವಿಮಾನ ಮತ್ತೆ ಕಣ್ಣಿಗೆ ಬಿದ್ದಾಗ 2008 ಆಗಿತ್ತು. ಮುಳುಗುಗಾರರು ನೋಡಿದರೆ ಚಕ್ರದ ಟೈರುಗಳಲ್ಲಿ ಇನ್ನೂ ಗಾಳಿ ಇತ್ತು!

2013ರ ಜೂನ್ 10ರಂದು ಬ್ರಿಟನ್ನಿನ ವಾಯುಪಡೆಯ ವಸ್ತುಸಂಗ್ರಹಾಲಯವಾದ ಆರ್‌ಎಎಫ್ ಮ್ಯೂಸಿಯಂ ಅದನ್ನು ಕ್ರೇನಿನಿಂದ ಮೇಲಕ್ಕೆತ್ತಿತು. ಕೆಳಗೆ ಚೌಕಟ್ಟು ಕಟ್ಟಿ ನಿಧಾನವಾಗಿ ಎತ್ತಬೇಕು ಅಂತ ಲೆಕ್ಕ ಹಾಕಿದ್ದರು. ಹವಾಮಾನ ಕೈಕೊಟ್ಟು ದಿನ ಮುಂದಕ್ಕೆ ಹೋಗುತ್ತಿದ್ದುದರಿಂದ, ಕೊನೆಗೆ ವಿಮಾನಕ್ಕೇ ಹಗ್ಗ ಬಿಗಿದು ಎತ್ತಿದರು. ಟಿವಿಯಲ್ಲಿ ಬಂದದ್ದು ಈ ದೃಶ್ಯವೇ. ನಿಜವಾದ ತಲೆನೋವು ಶುರುವಾದದ್ದು ಇದರ ನಂತರ.

ವಿಮಾನದ ಮೈ ಬರೀ ಅಲ್ಯೂಮಿನಿಯಂ ಅಲ್ಲ, ಡ್ಯುರಾಲುಮಿನ್ ಎಂಬ ಮಿಶ್ರಲೋಹ. ಅದರಲ್ಲಿ ಸುಮಾರು ಶೇಕಡ 4ರಷ್ಟು ತಾಮ್ರ ಇರುತ್ತದೆ. ಲೋಹಕ್ಕೆ ಗಟ್ಟಿತನ ಬರುವುದು ಇದರಿಂದ. ಆದರೆ ಉಪ್ಪುನೀರು ಸೋಕಿದರೆ ತಾಮ್ರ ಮತ್ತು ಅಲ್ಯೂಮಿನಿಯಂ ನಡುವೆ ಪುಟ್ಟ ಬ್ಯಾಟರಿಯೇ ಹುಟ್ಟಿಕೊಂಡು ಅಲ್ಯೂಮಿನಿಯಂ ಕರಗತೊಡಗುತ್ತದೆ. ಉಕ್ಕಿನ ಬೋಲ್ಟು ತಗಲಿರುವ ಜಾಗದಲ್ಲೂ ಇದೇ ಕಥೆ. ಮೇಲ್ಮೈಯಲ್ಲಿ ತಾನಾಗಿ ಕಟ್ಟಿಕೊಳ್ಳುವ ತೆಳು ಆಕ್ಸೈಡ್ ಪದರವೇ ಅಲ್ಯೂಮಿನಿಯಂಗೆ ರಕ್ಷಣೆ. ಉಪ್ಪಿನ ಕ್ಲೋರೈಡ್ ಅದನ್ನು ಅಲ್ಲಲ್ಲಿ ಕೊರೆದು ಸಣ್ಣ ಗುಳಿ ಮಾಡಿ ಒಳಗೆ ಕೂತುಬಿಡುತ್ತದೆ. ಮರಳಿನಡಿ ಆಮ್ಲಜನಕ ಕಡಿಮೆ, ಹಾಗಾಗಿ ಸವೆತವೂ ನಿಧಾನ. ಹೊರಗೆ ತಂದು ಸುಮ್ನೆ ಒಣಗಲು ಬಿಟ್ಟರೆ? ಗುಳಿಯಲ್ಲಿ ಕ್ಲೋರೈಡ್ ಹಾಗೇ ಇದೆ, ಆಮ್ಲಜನಕ ಬೇಕಾದಷ್ಟಿದೆ. ಸಮುದ್ರದಲ್ಲಿ ದಶಕಗಟ್ಟಲೆ ಆಗದ ಹಾಳು ದಡದಲ್ಲಿ ಬೇಗ ಆಗಿಬಿಡುತ್ತದೆ.

ಅದಕ್ಕೇ ಡಾರ್ನಿಯರ್ ಅನ್ನು ಆ ಮ್ಯೂಸಿಯಂನ ಕಾಸ್ಫರ್ಡ್ ಕೇಂದ್ರದಲ್ಲಿ ಪ್ಲಾಸ್ಟಿಕ್ ಹೊದಿಸಿದ ಸುರಂಗದಂಥ ಡೇರೆಗಳಲ್ಲಿಟ್ಟು ಸದಾ ಒದ್ದೆಯಾಗಿಟ್ಟರು. ಲಂಡನ್ನಿನ ಇಂಪೀರಿಯಲ್ ಕಾಲೇಜಿನ ವಿಜ್ಞಾನಿಗಳ ನೆರವಿನಿಂದ ರೂಪಿಸಿದ ದ್ರಾವಣವನ್ನು ಮೇಲಿಂದ ಸಿಂಪಡಿಸುತ್ತಿದ್ದರು. ಅದರಲ್ಲಿದ್ದದ್ದು ಸಿಟ್ರಿಕ್ ಆಮ್ಲ, ಅಂದರೆ ನಿಂಬೆಯ ಹುಳಿ. ಲೋಹಕ್ಕಂಟಿದ ಸುಣ್ಣದಂಥ ಸಮುದ್ರದ ಕೊಳೆಯನ್ನು ಅದು ಸಡಿಲಿಸುತ್ತದೆ, ಕ್ಲೋರೈಡ್ ತೊಳೆದುಹೋಗಲು ದಾರಿ ಮಾಡುತ್ತದೆ. ಆದರೆ ಹುಳಿ ಜಾಸ್ತಿಯಾದರೆ ಅಲ್ಯೂಮಿನಿಯಂನ ಪದರವೇ ಕರಗುತ್ತದೆ. ಹಾಗಾಗಿ ಒಂದಿಷ್ಟು ಕಾಸ್ಟಿಕ್ ಸೋಡಾ ಸೇರಿಸಿ ಹದ ಮಾಡಿದರು. ಸೋಡಾ ಅತಿಯಾದರೂ ಪದರ ಉಳಿಯುವುದಿಲ್ಲ. ಇನ್ನೊಂದು ತೊಡಕು ನೋಡಿ: ಸಮುದ್ರದಿಂದ ತಂದ ಉಕ್ಕಿನ ಕ್ಲೋರೈಡ್ ತೆಗೆಯಲು ಸಾಮಾನ್ಯವಾಗಿ ಬಳಸುವುದೇ ಸೋಡಾದ ದ್ರಾವಣ! ಒಂದೇ ವಿಮಾನದಲ್ಲಿ ಎರಡೂ ಲೋಹ ಇದ್ದರೆ ಯಾರ ಮಾತು ಕೇಳುವುದು?

ಸಿಹಿನೀರಿನಲ್ಲಿ ಈ ಪಾಡು ಕಡಿಮೆ. ಎರಡನೇ ಮಹಾಯುದ್ಧದಲ್ಲಿ ಅಮೆರಿಕದ ನೌಕಾಪಡೆ ಮಿಶಿಗನ್ ಸರೋವರದಲ್ಲಿ ವುಲ್ವರೀನ್, ಸೇಬಲ್ ಎಂಬ ಎರಡು ಹಡಗುಗಳ ಮೇಲೆ ಪೈಲಟ್‌ಗಳಿಗೆ ಇಳಿಯುವುದನ್ನು ಕಲಿಸುತ್ತಿತ್ತು. ನೂರಕ್ಕೂ ಹೆಚ್ಚು ವಿಮಾನಗಳು ಅಲ್ಲಿ ನೀರುಪಾಲಾದವು. ಅದರಲ್ಲಿ 2106 ಸಂಖ್ಯೆಯ ಡಾಂಟ್ಲೆಸ್ ಎಂಬ ಬಾಂಬರ್ ಒಂದು. 1942ರಲ್ಲಿ ಜಪಾನ್ ವಿರುದ್ಧ ನಡೆದ ಮಿಡ್ವೇ ಕದನದಲ್ಲಿ ಮೈತುಂಬ ತೂತು ಬಿದ್ದರೂ ವಾಪಸ್ ಬಂದಿದ್ದ ವಿಮಾನ ಅದು. 1943ರಲ್ಲಿ ತರಬೇತಿಯ ಹೊತ್ತಿಗೆ ಸರೋವರಕ್ಕೆ ಬಿತ್ತು. 1994ರಲ್ಲಿ ಎತ್ತಿದಾಗ ಗುಂಡಿನ ತೂತುಗಳಿಗೆ ಹಾಕಿದ್ದ ತೇಪೆಗಳು ಹಾಗೇ ಇದ್ದವು. ನನ್ನ ಕೇಳಿದರೆ, ಇಂಥ ತೇಪೆ ಅಳಿಸಿ ಹೊಸದಾಗಿ ಬಣ್ಣ ಬಳಿಯುವುದು ಶುದ್ಧ ತಪ್ಪು.

ಎತ್ತದೇ ಬಿಡುವುದೂ ಒಂದು ದಾರಿ, ಅದರಲ್ಲೂ ಒಳಗೆ ಸೈನಿಕರ ಅವಶೇಷ ಇದ್ದರೆ. ಅಮೆರಿಕದಲ್ಲಿ 2004ರ ಕಾನೂನಿನ ಪ್ರಕಾರ ಮುಳುಗಿದ ಸೇನಾ ವಿಮಾನ ಇಂದಿಗೂ ಸರ್ಕಾರದ್ದೇ, ಕೇಳದೆ ಮುಟ್ಟುವಂತಿಲ್ಲ. ಆದರೆ ಮಿಶಿಗನ್ ಸರೋವರದಲ್ಲಿ ಈಗ ಬಿಟ್ಟದ್ದು ಬಿಟ್ಟಂತೆ ಇರುತ್ತಿಲ್ಲ. ಹೊರಗಿನಿಂದ ಬಂದು ಸೇರಿದ ಕ್ವಾಗಾ ಎಂಬ ಪುಟ್ಟ ಚಿಪ್ಪುಜೀವಿಗಳು ತಳದಲ್ಲಿರುವ ವಿಮಾನಗಳ ಮೈಗೆ ಒತ್ತೊತ್ತಾಗಿ ಅಂಟಿಕೊಂಡಿವೆ.